ತಪ್ಪೇ ಮಾಡದ ಸರ್ವರ್ ಪ್ರೊಸೆಸರ್ ಅವರಿಗೆ, ಕುಮಾಸಿಯ ವಿಡಿಯೋ ಅಂಗಡಿಯಿಂದ

ಮಾನ್ಯರೇ,

ಕುಮಾಸಿಯ ಓಲ್ಡ್ ತಾಫೊ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ಶವಪೆಟ್ಟಿಗೆ ಅಂಗಡಿಗೂ ನಡುವೆ ಇರುವ 'ದೇವರ ಕೃಪೆ ವಿಡಿಯೋ ಮತ್ತು ಪೋಸ್ಟರ್'ನ ಒಡತಿ ಅಕುವಾ ಪೊಮಾ ಎಂಬ ನಾನು, ನನ್ನದೇ ಮೇಜಿನ ಮೇಲೆ ವಿರಾಜಮಾನರಾಗಿರುವ ತಮಗೆ, ತಮ್ಮ ಫ್ಯಾನಿನ ಗಾಳಿಗೆ ಕಾಗದ ಹಾರಿಹೋಗದಂತೆ ಮೊಣಕೈ ಊರಿಕೊಂಡು ಸವಿನಯವಾಗಿ ಬರೆದುಕೊಳ್ಳುವುದೇನೆಂದರೆ, ನಾನಿಲ್ಲಿ ಕ್ಷೇಮ; ತಾವು ಕ್ಷೇಮವೆಂಬುದು ಇಡೀ ಬೀದಿಗೇ ಕೇಳಿಸುತ್ತಿದೆ. ತಮ್ಮಂಥ ದೊಡ್ಡವರ ಮೇಲಿನ ದೂರನ್ನು ಗುಟ್ಟಾಗಿಡುವುದು ಮರ್ಯಾದೆಯಲ್ಲವಾದ್ದರಿಂದ ಈ ಪತ್ರವನ್ನು ಅಂಗಡಿಯ ಬಾಗಿಲಿಗೇ ಅಂಟಿಸುತ್ತಿದ್ದೇನೆ.

ತಾವು ಬರುವ ಮುನ್ನ ಈ ಮೇಜಿನ ಮೇಲೆ ಒಬ್ಬ ಬಡಪಾಯಿ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದ. ಅವನಿಗೆ ಇದ್ದದ್ದು ನಾಲ್ಕೇ ಕೈ, ಕಂಪ್ಯೂಟರಿನವರ ಭಾಷೆಯಲ್ಲಿ ಕೋರ್. ಸತ್ತವರ ಜೀವನದ ಸಿನಿಮಾ ಕತ್ತರಿಸಿ ಜೋಡಿಸುವುದು, ಶವಸಂಸ್ಕಾರದ ಪೋಸ್ಟರ್ ಮಾಡುವುದು, ಇಷ್ಟನ್ನು ಚಕಚಕನೆ ಮಾಡುತ್ತಿದ್ದ, ಸೆಖೆ ಜಾಸ್ತಿಯಾದರೆ ನಡುವೆ ನಿಂತುಬಿಡುತ್ತಿದ್ದ. ಹೀಗಿರುವಾಗ ತೇಮಾ ಬಂದರಿನಿಂದ ಹಳೆ ಕಂಪ್ಯೂಟರ್ ತಂದು ಮಾರುವ ನನ್ನ ಸೋದರಮಾವ ಬಾಫೊ, ತಮ್ಮನ್ನು ಕಂಬಳಿಯಲ್ಲಿ ಸುತ್ತಿ, ಇಬ್ಬರ ಕೈಲಿ ಹೊರಿಸಿಕೊಂಡು ಬಂದ.

"ಅಕುವಾ, ನಿನ್ನ ಡೆಸ್ಕ್‌ಟಾಪು ಟ್ಯಾಕ್ಸಿ ಕಣೇ, ಇದು ಟ್ರೊಟ್ರೊ ವ್ಯಾನು. ಇಪ್ಪತ್ತೆಂಟು ಕೈ ಇದೆ ಇದಕ್ಕೆ. ದೊಡ್ಡ ಬ್ಯಾಂಕಲ್ಲಿ ದುಡಿದು ಬಂದಿದೆ, ಹಗಲೂ ರಾತ್ರಿ ನಿಲ್ಲಲ್ಲ. ಇದರ ನೆನಪಲ್ಲಿ ಒಂದಕ್ಷರ ಆಚೀಚೆ ಆದ್ರೂ ತಾನೇ ತಿದ್ಕೊಳ್ಳತ್ತೆ. ತಪ್ಪು ಅನ್ನೋದೇ ಗೊತ್ತಿಲ್ಲ ಇದಕ್ಕೆ."

"ನನಗ್ಯಾಕೆ ಮಾವ ಅಷ್ಟೊಂದು ಕೈ?" ಎಂದೆ. "ಯಾಕೆ, ಊರಲ್ಲಿ ಸಾಯೋರು ಕಡಿಮೆ ಆಗಿದಾರಾ?" ಎಂದು ಅವನು ನನ್ನ ಬಾಯಿ ಮುಚ್ಚಿಸಿದ. ಟ್ರೊಟ್ರೊ ಎಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಟ್ಯಾಕ್ಸಿ ಒಬ್ಬಳನ್ನು ಕೂರಿಸಿಕೊಂಡೂ ಹೊರಡುತ್ತದೆ. ಟ್ರೊಟ್ರೊದಲ್ಲಿ ಮೊದಲು ಹತ್ತಿದವಳು ಕೊನೆಯ ಸೀಟು ತುಂಬುವವರೆಗೆ ಬೆವರು ಒರೆಸಿಕೊಳ್ಳುತ್ತಾ ಕೂತಿರಬೇಕು.

ತಮ್ಮ ಘನತೆಯನ್ನು ಎಷ್ಟು ಹೊಗಳಿದರೂ ಸಾಲದು. ತಾವು ಏಳುವಾಗ ಗಡಿಬಿಡಿಯಿಲ್ಲ. ತಮ್ಮ ನೆನಪಿನ ಮೂಲೆ ಮೂಲೆಯನ್ನೂ ಪರೀಕ್ಷಿಸಿಕೊಂಡು ತಾವು ಕಣ್ತೆರೆಯುವಷ್ಟರಲ್ಲಿ ನಾನು ಎದುರಂಗಡಿಗೆ ಹೋಗಿ ಕೆಂಕೆ ಉಂಡೆಯೂ ಮೀನೂ ತಿಂದು ಕೈ ತೊಳೆದು ಬಂದಿರುತ್ತೇನೆ, ಅಷ್ಟರಲ್ಲಿ ಕರೆಂಟು ಹೋಗುತ್ತದೆ, ತಾವು ಮತ್ತೆ ಮೊದಲಿನಿಂದ ಪರೀಕ್ಷೆಗೆ ಕೂರುತ್ತೀರಿ. ಪರದೆಯ ಮೇಲೆ ಒಂದು ಚಿತ್ರ ಮೂಡಿಸುವಂಥ ಕೀಳು ಕೆಲಸ ತಮಗೆ ಬಾರದು. ಡೆಸ್ಕ್‌ಟಾಪಿನವನು ಅದನ್ನು ಹುಟ್ಟುತ್ತಲೇ ಕಲಿತಿದ್ದ, ತಮಗಾದರೆ ಅದಕ್ಕೆಂದೇ ಒಂದು ಕಾರ್ಡನ್ನು ನಾನು ಮತ್ತೆ ಬಾಫೊ ಮಾವನಿಂದಲೇ ಕೊಳ್ಳಬೇಕಾಯಿತು. ತಮ್ಮ ದನಿಯೋ, ಜೋಳದ ಗಿರಣಿ. ಪಕ್ಕದ ಶವಪೆಟ್ಟಿಗೆಯವನು ತನ್ನ ಗಿರಾಕಿಗಳು ಎದ್ದು ಕೂತಾರೆಂದು ಹೆದರಿದ್ದಾನೆ.

ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ನನ್ನ ಅಹವಾಲು ತೀರಿಕೊಂಡ ಟ್ರೊಟ್ರೊ ಚಾಲಕ ಯಾವ್ ಡಾರ್ಕೊ ಅವರ ಸಿನಿಮಾ ಕುರಿತದ್ದು. ಶನಿವಾರ ಅವರ ಸಂಸ್ಕಾರವಿತ್ತು, ಅಂದು ಶಾಮಿಯಾನದಡಿ ಅದನ್ನು ಎಲ್ಲರಿಗೂ ತೋರಿಸಬೇಕಿತ್ತು. ಅದಕ್ಕೆ ಮುನ್ನ ಒಮ್ಮೆ ನೋಡಲು ನಮ್ಮಲ್ಲಿ ಸತ್ತವರ ಮೇಲೆ ಹಕ್ಕಿರುವ ತಾಯಿಯ ಕುಲದ ಸಮಿತಿ, ಕುಲದ ಹಿರಿಯರೆಂದು ಎಲ್ಲರೂ 'ನಾನಾ' ಎನ್ನುವ ಗ್ಯಾಂಫಿಯವರನ್ನು ಮುಂದಿಟ್ಟುಕೊಂಡು ಅಂಗಡಿಗೆ ಬಂತು. ಎಷ್ಟು ಜನವೆಂದು ಹೇಳಲಾರೆ, ಕುರ್ಚಿಗಳಿಗಿಂತ ಹೆಚ್ಚು ಜನ. ಬಾಗಿಲ ಬಳಿ ಸ್ಟೂಲಿನ ಮೇಲೆ ಡಾರ್ಕೊ ಅವರ ಹೆಂಡತಿ ಯಾ ಫ್ರೆಮಾ ಕೂತಿದ್ದರು.

ಸೋದರಳಿಯಂದಿರು ಒಬ್ಬೊಬ್ಬರಾಗಿ ಪರದೆಯ ಮೇಲೆ ಬಂದು, ಮಾವ ದೊಡ್ಡ ಮನುಷ್ಯ, ಮಾವ ಧರ್ಮಾತ್ಮ ಎಂದು ಒಂದೇ ಮಾತನ್ನು ಹೇಳಿ ಹೋದರು. ಆಮೇಲೆ ಪರದೆಯ ಮೇಲೆ ಯಾ ಫ್ರೆಮಾ ಅವರ ಸರದಿ ಬಂತು. "ಗಾಡಿ ತುಂಬ್ದೆ ಸ್ಟ್ಯಾಂಡ್ ಬಿಡೋ ಮನುಷ್ಯ ಅಲ್ಲ ಅವ್ರು. ದೇವ್ರೇ ಬಂದು ಕೂತ್ರೂ ಇನ್ನೊಬ್ರು ಬರ್ಲಿ ಅಂತಿದ್ರು. ನಂಗೆ ಹೆರಿಗೆ ನೋವು ಬಂದಾಗ, ಕೂತಿದ್ದೋರ್ನೆಲ್ಲ ಇಳಿಸಿ ನನ್ನೊಬ್ಳನ್ನೇ ಹತ್ತಿಸ್ಕೊಂಡು ಹೊರಟ್ರು. ಅಷ್ಟು ದೊಡ್ಡ ಗಾಡೀಲಿ ನಾನೊಬ್ಳೇ. ದಾರಿಯುದ್ದಕ್ಕೂ ನನ್ನ ಬೈತಾನೇ ಇದ್ರು, ಅಳ್ತಾನೂ ಇದ್ರು."

ಮಾನ್ಯರೇ, ಆ ಮಾತು ಬಂದಾಗ ಅಬ್ಬರ ಕೊಂಚ ತಗ್ಗಿಸಬೇಕೆಂದು ತಮಗೆ ತೋಚಲಿಲ್ಲ. ತಮ್ಮ ಗದ್ದಲದಲ್ಲಿ ಸಮಿತಿಗೆ ಏನು ಕೇಳಿಸಿತೋ ಕಾಣೆ, ನಾನಾ ಗ್ಯಾಂಫಿ ಕೈ ಎತ್ತಿದರು. "ಹೆಂಡ್ತಿ ಮಾತು ಬೇಡಮ್ಮ. ಸತ್ತೋನು ನಮ್ಮ ಕುಲದೋನು, ಆಕೆ ಬೇರೆ ಕುಲದೋಳು. ನಮ್ಮೋರು ಮಾತಾಡಿದಾರಲ್ಲ, ಸಾಕು. ಅದನ್ನ ತೆಗೆದುಬಿಡು." ಸಮಿತಿಯೆಲ್ಲ ತಲೆಯಾಡಿಸಿತು. ಹೊರಡುವಾಗ ಆಕೆ ನನ್ನ ಕೈ ಹಿಡಿದು, "ಹೋಗ್ಲಿ ಬಿಡು ಮಗಳೇ, ನೀನಾದ್ರೂ ಕೇಳಿಸ್ಕೊಂಡ್ಯಲ್ಲ" ಎಂದರು. ಬದುಕಿದ್ದಷ್ಟು ಕಾಲ ಆತನ ಜೊತೆಗಿದ್ದವಳು ಇಷ್ಟಕ್ಕೇ ಸಮಾಧಾನ ಪಡಬೇಕಾಯಿತಲ್ಲ ಎಂದು ನನಗೆ ತುಂಬ ಸಂಕಟವಾಯಿತು.

ಹಿರಿಯರ ಅಪ್ಪಣೆ ಮೀರುವ ಹೆಣ್ಣು ನಾನಲ್ಲ. ಅಪ್ಪಣೆಯಾದಂತೆ ಸಿನಿಮಾವನ್ನು ಹೊಸದಾಗಿ ಜೋಡಿಸಲು ತಮ್ಮ ಮುಂದಿಟ್ಟೆ. ನನ್ನ ಹಳೆಯ ತಂತ್ರಾಂಶಕ್ಕೆ ಒಂದೇ ಕೈಯಿಂದ ಕೆಲಸ ತೆಗೆಯುವುದಷ್ಟೇ ಗೊತ್ತು. ಹಾಗಾಗಿ ತಮ್ಮ ಒಂದು ಕೈ ನಿಧಾನವಾಗಿ ದುಡಿಯುತ್ತಿತ್ತು, ಉಳಿದ ಇಪ್ಪತ್ತೇಳೂ ಸಮಿತಿಯವರಂತೆ ಕೂತು ನೋಡುತ್ತಿದ್ದವು. ಸಾವಿರ ಜನ ಒಟ್ಟಿಗೆ ಬಂದು ಬ್ಯಾಂಕಿನ ಲೆಕ್ಕ ಕೇಳಿದರೆ ತಾವು ಒಬ್ಬರನ್ನೂ ಬರಿಗೈಯಲ್ಲಿ ಕಳಿಸುವವರಲ್ಲ, ಬಲ್ಲೆ. ಆದರೆ ನನ್ನ ಅಂಗಡಿಗೆ ಬರುವುದು ಒಂದು ಸಲಕ್ಕೆ ಒಂದೇ ಹೆಣ. ಶುಕ್ರವಾರ ಮಧ್ಯಾಹ್ನ ಕಳೆದರೂ ಕೆಲಸ ಅರ್ಧಕ್ಕೆ ಬಂದಿರಲಿಲ್ಲ. ಕೊನೆಗೆ, ಮೇಜಿನ ಕೆಳಗೆ ಪೋಸ್ಟರ್ ಕಾಗದದ ಕಟ್ಟು ಹೊತ್ತು ಕೂತಿದ್ದ ಡೆಸ್ಕ್‌ಟಾಪಿನವನನ್ನು ಎಳೆದು, ಧೂಳು ಕೊಡವಿ, ಅವನಿಗೇ ಒಪ್ಪಿಸಿದೆ. ಅವನು ಕಾದ ಬಾಣಲೆಯಾದ, ನಾನು ಬೀಸಣಿಗೆ ಹಿಡಿದು ಕೂತೆ, ಸಂಜೆಯ ಹೊತ್ತಿಗೆ ಮುಗಿಸಿಕೊಟ್ಟ.

ಆದರೆ ಅವನು ತಮ್ಮಂತಲ್ಲ, ತಪ್ಪು ಮಾಡುವವನು. ಶನಿವಾರ ಶೋಕದ ಕೆಂಪು ಕಪ್ಪು ಬಟ್ಟೆಯುಟ್ಟು ಜನವೆಲ್ಲ ನೋಡುತ್ತಿದ್ದಾಗ, ಸೋದರಳಿಯಂದಿರು ಮುಗಿದು, ಪರದೆ ಮೆಲ್ಲಗೆ ಕಪ್ಪಾಗಿ, ಮೆಲ್ಲಗೆ ಬೆಳಗಿ, ಯಾ ಫ್ರೆಮಾ ಅವರು ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಕಾಣಿಸಿಕೊಂಡರು. ಯಂತ್ರದ ತಪ್ಪು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಕೊನೆಯಲ್ಲಿ ಖಾಲಿ ಟ್ರೊಟ್ರೊದ ಫೋಟೋ ಕೂಡ ಬಂದು ನಿಂತಿತು.

ನಾನಾ ಗ್ಯಾಂಫಿ ನನ್ನ ಹತ್ತಿರ ಬಂದರು. "ಏನಮ್ಮ ಇದು? ತೆಗಿ ಅಂದಿದ್ನಲ್ಲ?"

"ತೆಗೆದಿದ್ದೆ ನಾನಾ. ಹಳೇ ಮಷೀನು, ತಪ್ಪು ಮಾಡ್ಬಿಡ್ತು."

ಹಿಂದಿನ ಸಾಲಿನಲ್ಲಿದ್ದ ಬಾಫೊ ಮಾವ ಎದ್ದು ನಿಂತ. "ನಾನ್ ಮೊದಲೇ ಹೇಳಿದ್ದೆ ನಾನಾ. ಆ ಡೆಸ್ಕ್‌ಟಾಪಿಗೆ ತನ್ನ ತಪ್ಪು ತಾನೇ ತಿದ್ದೋ ಬುದ್ಧಿ ಇಲ್ಲ. ನನ್ನ ಸರ್ವರ್ ಆಗಿದ್ರೆ ಹೀಗಾಗ್ತಿರ್ಲಿಲ್ಲ." ಅವನು ವ್ಯಾಪಾರದ ಮಾತನ್ನೇ ಆಡಿದ್ದು, ನನಗದು ಸಾಕ್ಷಿಯಾಯಿತು. ನಾನಾ ಬೇರೇನೋ ಹೇಳಲು ಹೊರಟಿದ್ದರು, ಅಷ್ಟರಲ್ಲಿ ಡಾರ್ಕೊ ಅವರ ಸ್ಟ್ಯಾಂಡಿನ ಚಾಲಕರು ಗೆಳೆಯನಿಗೆ ಗೌರವವೆಂದು ಹೊರಗೆ ಹೋಗಿ ತಂತಮ್ಮ ಗಾಡಿಗಳ ಹಾರ್ನ್ ಒತ್ತತೊಡಗಿದರು, ಹಿರಿಯರ ಮಾತು ಯಾರಿಗೂ ಕೇಳಿಸಲಿಲ್ಲ. ಯಾ ಫ್ರೆಮಾ ಹಾರ್ನ್ ನಿಲ್ಲುವವರೆಗೂ ಪರದೆಯನ್ನೇ ನೋಡುತ್ತಿದ್ದರು.

ಆದ್ದರಿಂದ ಮಾನ್ಯರಲ್ಲಿ ನನ್ನ ಬಿನ್ನಹವಿಷ್ಟು. ದಯಮಾಡಿ ತಮ್ಮ ಇಪ್ಪತ್ತೆಂಟು ಕೈಗಳಲ್ಲಿ ಒಂದನ್ನಾದರೂ ಅವಸರದಲ್ಲಿರುವ ಒಬ್ಬರಿಗಾಗಿ ಮೀಸಲಿಡಿ. ವಿಧವೆಯರು ಬಾಯಿ ತೆರೆದಾಗ ಗಿರಣಿ ನಿಲ್ಲಿಸಿ. ಇವೆರಡೂ ತಮ್ಮ ಘನತೆಗೆ ಕುಂದೆನಿಸಿದರೆ ಯಾವುದಾದರೂ ಬ್ಯಾಂಕಿಗೆ ಮರಳಿ ಹೋಗಿ ಸುಖವಾಗಿರಿ, ಹೊರುವ ಇಬ್ಬರ ಕೂಲಿಯನ್ನು ಬಾಫೊ ಮಾವನೇ ಸಂತೋಷದಿಂದ ಕೊಡುತ್ತಾನೆ, ಅವನಿಗಿನ್ನೂ ತಿಳಿದಿಲ್ಲ ಅಷ್ಟೆ.

ತಮ್ಮ ಗಾಳಿಯಲ್ಲೇ ಕೂತಿರುವ,
ತಮ್ಮ ವಿಶ್ವಾಸಿ,
ಅಕುವಾ ಪೊಮಾ

ಸಹಿ ಹಾಕಿದ ಮೇಲೆ ಬಂದ ಸುದ್ದಿ: ಡಾರ್ಕೊ ಅವರ ವರ್ಷಾಂತಿಕದ ಸಿನಿಮಾವನ್ನು ತಪ್ಪು ಮಾಡದ ಯಂತ್ರದಲ್ಲೇ, ಅಂದರೆ ತಮ್ಮಲ್ಲೇ ಮಾಡಿಸಬೇಕೆಂದು ನಾನಾ ಗ್ಯಾಂಫಿ ಅಪ್ಪಣೆ ಮಾಡಿದ್ದಾರೆ. ಯಾ ಫ್ರೆಮಾ ಅವರಿಗೆ ಹೇಳುವುದು ಇನ್ನೂ ಇದೆಯಂತೆ. ಆದ್ದರಿಂದ ಅಷ್ಟರೊಳಗೆ ಒಂದೇ ಒಂದು ತಪ್ಪು ಮಾಡುವುದನ್ನು ಕಲಿತುಕೊಳ್ಳಿ. ಹೇಳಿಕೊಡುವವನು ಮೇಜಿನ ಕೆಳಗೇ ಇದ್ದಾನೆ.