ಎರಡು ಚಮಚ ನಿಂಬೆರಸ

ಎಲ್ಲಕ್ಕೂ ಮೂಲ ಎರಡು ಚಮಚ ನಿಂಬೆರಸ. ಅದನ್ನು ಕ್ರೀಮಿಗೆ ಹಾಕು ಎಂದು ಡೈರೆಕ್ಟರನಿಗೆ ಯಾರೂ ಹೇಳಿರಲಿಲ್ಲ. ಪರಿಮಳ ಬರಲಿ ಎಂದು ತಾನಾಗಿಯೇ ಹಾಕಿದ್ದ. ಹಾಕಿದ್ದನ್ನು ಯಾರಿಗೂ ಹೇಳಿರಲೂ ಇಲ್ಲ.

ಡೈರೆಕ್ಟರ್ ಎಂದರೆ ಸಿನಿಮಾದವನಲ್ಲ, ಕಾಲೇಜು ಹುಡುಗ. ಜಾಹೀರಾತು ಪಾಠದ ಮೇಷ್ಟ್ರು ಮೂವರ ಗುಂಪುಗಳನ್ನು ಮಾಡಿ, “ಸೌಂದರ್ಯವರ್ಧಕ ಒಂದನ್ನ ನೀವೇ ತಯಾರಿಸಿ, ಅದಕ್ಕೊಂದು ಜಾಹೀರಾತನ್ನೂ ನೀವೇ ಮಾಡಿ. ಆದರೆ ಅದರಲ್ಲಿ ಒಂದೇ ಒಂದು ಸುಳ್ಳು ಇರಬಾರದು” ಎಂದಿದ್ದರು. ಯಾರಿಗೆ ಯಾವ ಕೆಲಸ ಎಂದು ಚೀಟಿ ಎತ್ತಿದಾಗ ಇವನಿಗೆ ನಿರ್ದೇಶನ ಬಂತು, ಹೆಸರೂ ಅದೇ ಅಂಟಿಕೊಂಡಿತು. ಉಳಿದಿಬ್ಬರಲ್ಲಿ ಒಬ್ಬಳು ಕ್ಯಾಮೆರಾದವಳು, ಇನ್ನೊಬ್ಬಳು ನಾಯಕಿ.

ಇದೇ ಪಾಠದಲ್ಲಿ ಅವನು ಹೋದ ವರ್ಷ ಫೇಲಾಗಿದ್ದ. ಆಗ ಪೆನ್ಸಿಲ್ಲಿನ ಜಾಹೀರಾತು ಮಾಡಿ, ಅದರಲ್ಲಿ ಸೂರ್ಯೋದಯ, ಹಕ್ಕಿ, ಓಡುವ ಮಗು ಎಲ್ಲವನ್ನೂ ತೋರಿಸಿ, ಪೆನ್ಸಿಲ್ ತೋರಿಸುವುದನ್ನು ಮರೆತಿದ್ದ. ಅಪ್ಪನಿಗೆ ಕಬ್ಬಿಣದ ಸಾಮಾನಿನ ಅಂಗಡಿ. ಈ ಸಲದ ಜಾಹೀರಾತು ತೋರಿಸಬೇಕಿದ್ದ ದಿನ ಬೆಳಗ್ಗೆ ಅವರು ಅಂಗಡಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಲೇ ಹೇಳಿದರು: “ನೋಡಪ್ಪಾ, ಈ ಸಲಾನೂ ಡುಮ್ಕಿ ಹೊಡೆದ್ರೆ ಕಾಲೇಜು ಸಾಕು. ಸೀದಾ ಅಂಗಡಿಗೆ ಬಂದು ಮೊಳೆ ತೂಗು.”

ಮಧ್ಯಾಹ್ನ ಮೂರಕ್ಕೆ ಮೇಷ್ಟ್ರ ಮುಂದೆ ಜಾಹೀರಾತು ತೋರಿಸಬೇಕು. ಬೆಳಗ್ಗೆ ಒಂಬತ್ತಾದರೂ ಶೂಟಿಂಗೇ ಆಗಿರಲಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುವುದು ನಮ್ಮ ಡೈರೆಕ್ಟರನ ಕುಲಧರ್ಮ. ತನ್ನ ಮನೆಯ ನಡುಕೋಣೆಯಲ್ಲಿ ಕುರ್ಚಿಗಳನ್ನು ಸರಿಸಿ, ಗೋಡೆಗೆ ನೀಲಿ ಹೊದಿಕೆ ಕಟ್ಟಿ, ಎರಡು ಪುಟದ ಸಂಭಾಷಣೆ ಕೈಯಲ್ಲಿ ಹಿಡಿದು ಅವನು ನಾಯಕಿಗಾಗಿ ಕಾಯುತ್ತಿದ್ದ.

ನಾಯಕಿ ಬಂದಳು. ತಲೆಯ ಮೇಲಿಂದ ಗಲ್ಲದವರೆಗೆ ದುಪಟ್ಟಾ ಸುತ್ತಿಕೊಂಡಿದ್ದಳು. ತೆಗೆದಾಗ ಕ್ಯಾಮೆರಾದವಳ ಕೈಯಿಂದ ಲೆನ್ಸಿನ ಮುಚ್ಚಳ ಜಾರಿ ಬಿತ್ತು. ಎರಡೂ ಕೆನ್ನೆ ಟೊಮೆಟೊ ಹಾಗೆ ಕೆಂಪಗೆ ಊದಿಕೊಂಡಿದ್ದವು.

“ಮುಖ ಹೊಳೀಲಿ ಅಂತ ನೀನು ಕೊಟ್ಟ ಕ್ರೀಮನ್ನ ರಾತ್ರಿ ಚೆನ್ನಾಗಿ ಬಳ್ಕೊಂಡು ಮಲಗಿದ್ದೆ. ಏನು ಹಾಕಿ ಮಾಡಿದ್ಯೋ ಮಾರಾಯ?” ಎಂದು ನಾಯಕಿ ಅಳತೊಡಗಿದಳು.

“ನಾನಾ? ನಾನೇನೂ ಹಾಕಿಲ್ಲಪ್ಪ” ಎಂದ ಡೈರೆಕ್ಟರ್.

ಅಳುವ ಸದ್ದು ಕೇಳಿದ ಮೇಲೆ ನೆರೆಮನೆಯವರು ಸುಮ್ಮನಿರುತ್ತಾರೆಯೇ? ಎದುರು ಮನೆಯ ಪೇಂಟರ್ ಮೊದಲು ಬಂದರು. ಊರಿನ ಅರ್ಧ ಮನೆಗಳಿಗೆ ಬಣ್ಣ ಹೊಡೆದವರು ಅವರು. ನಾಯಕಿಯ ಮುಖವನ್ನು ಹತ್ತಿರದಿಂದ ನೋಡಿ, ದೂರದಿಂದ ನೋಡಿ, ಕಣ್ಣು ಕಿರಿದಾಗಿಸಿ, “ಇದೇನೂ ದೊಡ್ಡ ವಿಷಯ ಅಲ್ಲ. ತೇವ ಹೊಡೆದ ಗೋಡೆನೂ ಹಿಂಗೇ ಉಬ್ಬಿಕೊಳ್ಳತ್ತೆ. ಬಿಳೀದು ಎರಡು ಕೋಟ್ ಬಿದ್ರೆ ಏನೂ ಕಾಣಲ್ಲ” ಎಂದರು.

ಅವರ ಹಿಂದೆಯೇ ಮಹಡಿ ಮನೆಯ ನಿವೃತ್ತ ಗುಮಾಸ್ತರು ಇಳಿದು ಬಂದರು. ಮೊದಲು ಐಸ್ ಇಡಿ ಎಂದರು. ಆಮೇಲೆ ಬಿಸಿನೀರಿನ ಶಾಖ ಕೊಡಿ ಎಂದರು. ಕೊನೆಗೆ ಕನ್ನಡಿಯ ಮುಂದೆ ನಿಂತು ಬೈತಲೆ ಸರಿಮಾಡಿಕೊಂಡು, “ಅಷ್ಟೂ ಆಗದಿದ್ರೆ ನಾನೇ ಕೂರ್ತೀನಿ ಬಿಡಿ. ಗಂಡಸರು ಕ್ರೀಮ್ ಹಚ್ಚಬಾರದು ಅಂತೇನಿದೆ?” ಎಂದು ಖಾಲಿ ಕುರ್ಚಿಯಲ್ಲಿ ಕೂತೇಬಿಟ್ಟರು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಡೈರೆಕ್ಟರ್ ಪೇಂಟರ ಸಲಹೆ ಹಿಡಿದ. “ಅದು ಸುಳ್ಳು ತೋರಿಸಿದ ಹಾಗಾಗಲ್ವೇನೋ?” ಎಂದು ಕ್ಯಾಮೆರಾದವಳು ಕೇಳಿದ್ದನ್ನು ಕೇಳಿಸಿಕೊಳ್ಳದೆ ಒಂದು ಡಬ್ಬಿ ಪೌಡರನ್ನು ತಂದು ಕೊಟ್ಟ. ಪೇಂಟರು ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಶಿಸ್ತಾಗಿ ಹೊಡೆದರು. ಎರಡನೆಯ ಕೋಟ್ ಮುಗಿಯುವಷ್ಟರಲ್ಲಿ ನಾಯಕಿಗೆ ಸೀನು ಬಂತು. ಸಣ್ಣ ಸೀನಲ್ಲ. ಪೌಡರು ಲೆನ್ಸಿಗೂ ನೀಲಿ ಹೊದಿಕೆಗೂ ಗುಮಾಸ್ತರ ಬೈತಲೆಗೂ ಸಮನಾಗಿ ಹಂಚಿಹೋಯಿತು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

ಆಗ ಒಳಕೋಣೆಯ ಬಾಗಿಲು ತೆರೆಯಿತು. “ಏನ್ರೋ ಅದು ಗಲಾಟೆ?”

ಡೈರೆಕ್ಟರನ ದೊಡ್ಡಮ್ಮ, ಅಮ್ಮನ ಅಕ್ಕ. ಮೂವತ್ತೆರಡು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರು ವಾರ್ಡಿಗೆ ಬಂದರೆ ಜ್ವರ ಕೂಡ ಎದ್ದು ನಿಲ್ಲುತ್ತಿತ್ತಂತೆ. ಅಂಥವರನ್ನು ನೋಡಿದರೆ ನನಗಂತೂ ಕೈಮುಗಿಯಬೇಕು ಅನ್ನಿಸುತ್ತದೆ. ಒಂದು ಮಾತೂ ಗದರದೆ, ಎರಡು ನಿಮಿಷದಲ್ಲಿ ಗುಮಾಸ್ತರನ್ನು ಕುರ್ಚಿಯಿಂದ ಎಬ್ಬಿಸಿ, ನಾಯಕಿಯನ್ನು ಕೂರಿಸಿ, ತಣ್ಣೀರಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಅವಳ ಮುಖ ಒರೆಸತೊಡಗಿದರು.

“ಅಳು ಬಂದ್ರೆ ಅತ್ತುಬಿಡು ಕಂದಾ. ಎರಡು ದಿನದಲ್ಲಿ ಇಳಿದುಹೋಗತ್ತೆ, ಕಲೆ ಉಳಿಯಲ್ಲ. ನಾನು ಹೇಳ್ತಿದ್ದೀನಲ್ಲ?” ಎಂದರು. ನಾಯಕಿ ಅಳು ನಿಲ್ಲಿಸಿದಳು. ಆಮೇಲೆ ದೊಡ್ಡಮ್ಮ ತಮ್ಮ ತೋಳು ಮಡಿಸಿ ಮೊಣಕೈಯ ಒಳಬದಿ ತೋರಿಸಿದರು. ಅಲ್ಲಿ ಬಟಾಣಿಯಷ್ಟು ಕೆಂಪು ಗುರುತಿತ್ತು. “ನಿನ್ನೆ ನಂಗೂ ಒಂದು ಡಬ್ಬಿ ಕೊಟ್ಟಿದ್ದ ಇವನು. ಹೊಸದು ಏನೇ ಬರಲಿ, ನಾನು ಮೊದಲು ಇಲ್ಲಿ ಹಚ್ಚಿ ಒಂದು ದಿನ ಕಾಯ್ತೀನಿ. ಈಗ ಹೇಳು ಮರೀ, ಏನು ಹಾಕಿದೆ ಅದಕ್ಕೆ?”

ದೊಡ್ಡಮ್ಮನ ಮುಂದೆ ಸುಳ್ಳು ನಿಲ್ಲುವುದಿಲ್ಲ. “ನಿಂಬೆರಸ” ಎಂದ ಡೈರೆಕ್ಟರ್. ನಾಯಕಿ ಅವನನ್ನು ನೋಡಿದ ನೋಟಕ್ಕೆ ಹಾಲೂ ಒಡೆಯಬಹುದಿತ್ತು.

“ಸರಿ, ಆದದ್ದಾಯ್ತು. ಸುಳ್ಳು ಇರಬಾರದು ಅಂದಿದ್ದಾರಲ್ಲ ನಿಮ್ಮ ಮೇಷ್ಟ್ರು? ಹಾಗಿದ್ರೆ ಆದದ್ದನ್ನೇ ತೋರಿಸಿ” ಎಂದರು ದೊಡ್ಡಮ್ಮ.

ಮುಂದಿನ ಒಂದು ಗಂಟೆಯನ್ನು ನೋಡಬೇಕಿತ್ತು ನೀವು. “ಕಿಟಕಿ ನಿನ್ನ ಎಡಕ್ಕೆ ಬರೋ ಹಾಗೆ ಕೂರು ಕಂದಾ. ಬೆಳಕು ಎದುರಿಂದ ಬಿದ್ರೆ ಊತ ಗೊತ್ತೇ ಆಗಲ್ಲ, ಪಕ್ಕದಿಂದ ಬೀಳಬೇಕು. ನಾವು ಗಾಯ ನೋಡ್ತಿದ್ದದ್ದೇ ಹಾಗೆ” ಎಂದರು ದೊಡ್ಡಮ್ಮ ನಾಯಕಿಗೆ. ಕ್ಯಾಮೆರಾದವಳು ತಲೆದೂಗಿದಳು. ಪೇಂಟರಿಗೆ ಬಿಳಿ ಬಟ್ಟೆ ಹಿಡಿದು ನಿಲ್ಲುವ ಕೆಲಸ, ಗುಮಾಸ್ತರಿಗೆ ಗಡಿಯಾರ ನೋಡುವ ಕೆಲಸ. ಇಬ್ಬರೂ ಬಾಯಿ ಮುಚ್ಚಿಕೊಂಡು ಮಾಡಿದರು. ನಡುವೆಯೇ ದೊಡ್ಡಮ್ಮ ನಿಂಬೆರಸವಿಲ್ಲದ ಕ್ರೀಮನ್ನು ಹೊಸದಾಗಿ ಒಂದು ಪುಟ್ಟ ಡಬ್ಬಿಯಷ್ಟು ಕಲಸಿಟ್ಟರು. ಡೈರೆಕ್ಟರ್ ತನ್ನ ಎರಡು ಪುಟದ ಸಂಭಾಷಣೆ ಕೊಟ್ಟಾಗ ದೊಡ್ಡಮ್ಮ ಪೂರ್ತಿ ಓದಿ, ನಾಲ್ಕಾಗಿ ಮಡಿಸಿ, ಅಲುಗಾಡುತ್ತಿದ್ದ ಸ್ಟೂಲಿನ ಕಾಲ ಕೆಳಗಿಟ್ಟರು. “ನೀನು ಹೊಸಿಲ ಹತ್ರ ನಿಂತ್ಕೊ. ಯಾರೂ ಬೆಲ್ ಒತ್ತದ ಹಾಗೆ ನೋಡ್ಕೋ” ಎಂದರು. ಅವನು ಅದನ್ನು ನಿಷ್ಠೆಯಿಂದ ನೋಡಿಕೊಂಡ.

ಕ್ಯಾಮೆರಾದವಳು ಎರಡು ಗಂಟೆಯ ಹೊತ್ತಿಗೆ ಎಲ್ಲವನ್ನೂ ಜೋಡಿಸಿ ಮುಗಿಸಿದಳು. ನಾಯಕಿಯ ಮುಖಕ್ಕೆ ಮತ್ತೆ ತಣ್ಣೀರು ಪಟ್ಟಿ ಇಡಬೇಕಿದ್ದರಿಂದ ದೊಡ್ಡಮ್ಮನೂ ಜೊತೆಗೇ ಕಾಲೇಜಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಪರದೆಯ ಮೇಲೆ ಮೊದಲು ನಾಯಕಿಯ ಊದಿದ ಮುಖ. ಅವಳು ನೇರವಾಗಿ ನೋಡಿ, “ನಾನು ಮೊದಲು ಕೈಗೆ ಹಚ್ಚಿ ನೋಡಲಿಲ್ಲ” ಎಂದಳು. ಆಮೇಲೆ ದೊಡ್ಡಮ್ಮನ ಮುಖ, ಅರವತ್ತು ದಾಟಿದ, ಸುಕ್ಕುಗಳೆಲ್ಲ ನಗುವ ಮುಖ. ತೋಳಿನ ಕೆಂಪು ಗುರುತು ತೋರಿಸಿ, “ನಾನು ನೋಡಿದೆ” ಎಂದರು. ಕೊನೆಗೆ ಒಂದು ಪುಟ್ಟ ಡಬ್ಬಿ, ಹಿನ್ನೆಲೆಯಲ್ಲಿ ದೊಡ್ಡಮ್ಮನ ದನಿ: “ನಿಂಬೆರಸ ತೆಗೆದಿದ್ದೇವೆ. ಆದರೂ ಮೊದಲು ಕೈಗೆ.” ಅಷ್ಟೇ. ಚಪ್ಪಾಳೆ ನಿಲ್ಲಲೇ ಇಲ್ಲ. ಆ ಹುಡುಗಿಗೆ ಅಂಥ ಮುಖ ತೋರಿಸಲು ಎಷ್ಟು ಧೈರ್ಯ ಬೇಕಾಗಿತ್ತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಡೈರೆಕ್ಟರ್ ಯಾರು, ಎದ್ದೇಳಿ. ಊದಿದ ಮುಖಾನೇ ಮೊದಲು ತೋರಿಸೋದು ಅಂತ ತೀರ್ಮಾನ ಮಾಡಿದ್ದು ಹೇಗೆ?”

ಡೈರೆಕ್ಟರ್ ಎದ್ದು ನಿಂತ. ಒಂದೇ ಒಂದು ಸುಳ್ಳು ಹೇಳಿದ್ದರೆ ಅಲ್ಲಿಗೆ ಪಾಸು. ತಿರುಗಿ ನೋಡಿದರೆ ಹಿಂದಿನ ಬೆಂಚಿನಿಂದ ದೊಡ್ಡಮ್ಮ ಅವನನ್ನೇ ನೋಡುತ್ತಿದ್ದರು.

“ದೊಡ್ಡಮ್ಮ ಹೇಳಿದ್ರು ಸರ್.”

“ಸರಿ. ಬೆಳಕು ಪಕ್ಕದಿಂದ?”

“ಅದೂ ದೊಡ್ಡಮ್ಮಾನೇ ಸರ್.”

“ಮಾತು ಇಷ್ಟು ಕಡಿಮೆ ಮಾಡಿದ್ದು?”

“ನಾನು ಎರಡು ಪುಟ ಬರೆದಿದ್ದೆ ಸರ್. ದೊಡ್ಡಮ್ಮ ಅದನ್ನ ಸ್ಟೂಲಿನ ಕೆಳಗಿಟ್ರು.”

“ಹಾಗಾದ್ರೆ ಇದರಲ್ಲಿ ನೀವು ಮಾಡಿದ್ದೇನು?”

“ನಿಂಬೆರಸ ಹಾಕಿದ್ದು ನಾನು ಸರ್.”

ಹುಡುಗರು ಬೆಂಚು ಬಡಿದು ನಕ್ಕರು. ಮೇಷ್ಟ್ರು ನಗಲಿಲ್ಲ. ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, “ನಿಜ ಹೇಳಿದ್ದಕ್ಕೆ ನನಗೆ ಬಹಳ ಸಂತೋಷವಾಯ್ತು” ಎಂದರು. ನಾಯಕಿಗೂ ಕ್ಯಾಮೆರಾದವಳಿಗೂ ನೂರಕ್ಕೆ ತೊಂಬತ್ತೈದು ಕೊಟ್ಟರು. ಅವನನ್ನು ಅಷ್ಟೇ ಸಂತೋಷದಿಂದ ಫೇಲು ಮಾಡಿದರು. ನಂತರ ಹಿಂದಿನ ಬೆಂಚಿನ ಬಳಿಗೆ ಹೋಗಿ, ದೊಡ್ಡಮ್ಮನ ಜೊತೆ ಅರ್ಧ ಗಂಟೆ ನಿಂತೇ ಮಾತಾಡಿದರು.

ಮನೆಗೆ ಹೋಗುವ ದಾರಿಯಲ್ಲಿ ಡೈರೆಕ್ಟರ್ ತಲೆ ತಗ್ಗಿಸಿ ನಡೆಯುತ್ತಿದ್ದ. “ಅಪ್ಪ ನಾಳೆಯಿಂದ ಅಂಗಡಿಗೆ ಬಾ ಅಂತಾರೆ ದೊಡ್ಡಮ್ಮ” ಎಂದ.

“ಯಾಕಂತೆ? ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ. ನೀನು ಕಾಲೇಜು ಬಿಟ್ರೆ ನಾನು ಏನು ಮಾಡ್ಲಿ?” ಎಂದು ದೊಡ್ಡಮ್ಮ ಕೈಚೀಲದಿಂದ ಒಂದು ಕಾಗದ ತೆಗೆದರು. ಅದು ಕಾಲೇಜಿನ ಪ್ರವೇಶದ ಅರ್ಜಿ. “ವಯಸ್ಸಿನ ಮಿತಿ ಇಲ್ಲವಂತೆ ಕಣೋ. ಈ ಪಾಠಕ್ಕೆ ನೀನೂ ನಾನೂ ಒಂದೇ ಗುಂಪು ಅಂತ ಮೇಷ್ಟ್ರ ಹತ್ರ ಹೇಳಿ ಬಂದಿದ್ದೀನಿ. ಎರಡು ಸಲ ಫೇಲಾದವನು ನೀನು, ನಿನ್ನಷ್ಟು ಈ ಪಾಠ ಕೇಳಿದವರು ಇನ್ಯಾರಿದ್ದಾರೆ ಹೇಳು? ನಿನ್ನ ನೋಟ್ಸೆಲ್ಲ ನಂಗೆ ಬೇಕು.”

ಎರಡು ವರ್ಷದಲ್ಲಿ ಡೈರೆಕ್ಟರ್ ಒಂದು ಸಾಲು ನೋಟ್ಸನ್ನೂ ಬರೆದಿರಲಿಲ್ಲ.