ಹಿತ್ತಲಲ್ಲಿ ಇಲ್ಲದ ಬಾವಿ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಮನೆ ನೋಡಲು ಮೊದಲು ಬಂದವರು ಹಲ್ಲಿನ ಡಾಕ್ಟರೋ ಕಣ್ಣಿನ ಡಾಕ್ಟರೋ, ಈಗ ನೆನಪಿಲ್ಲ. ಆ ದಿನದ ಡೈರಿ ತೆಗೆದು ನೋಡಿದರೆ "ಉಪ್ಪಿಟ್ಟು. ಸೆಕೆ." ಎಂದಷ್ಟೇ ಇದೆ. ಬಾವಿಯ ವಿಷಯ ಮಾತ್ರ ಚೆನ್ನಾಗಿ ನೆನಪಿದೆ. ಅದನ್ನು ತೋಡಿದವಳು ನಾನೇ.

ತ್ಯಾಗರಾಜನಗರದ ಆ ಪುಟ್ಟ ಮನೆಯಲ್ಲಿ ನಾವು ಹದಿನಾರು ವರ್ಷ ಬಾಡಿಗೆಗಿದ್ದೆವು. ನಾವು ಎಂದರೆ ನಾನು, ನನ್ನ ಗಂಡ ರಘು ಮತ್ತು ನಮ್ಮ ಅತ್ತೆ. ಮಾಲೀಕರು ಮಹದೇವಪ್ಪನವರು. ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸಿ, ಈಗ ಶಂಕರಪುರಂನಲ್ಲಿ ಮಗಳ ಮನೆಯಲ್ಲಿ ಆರಾಮವಾಗಿರುವವರು. ಒಂದು ಭಾನುವಾರ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟರು.

"ಮನೆ ಮಾರ್ಬಿಡೋಣ ಅಂತಿದೀನಮ್ಮ. ನಿಮಗೇ ಕೊಡೋ ಆಸೆ. ಹೊರಗಿನವರು ಎಷ್ಟಕ್ಕೆ ಕೇಳ್ತಾರೋ ನೋಡೋಣ, ಅದಕ್ಕಿಂತ ಐದು ಲಕ್ಷ ಕಮ್ಮಿ ಕೊಡಿ, ಸಾಕು."

ದೊಡ್ಡ ಮನಸ್ಸು. ಆದರೆ ನಮ್ಮ ರಸ್ತೆಯಲ್ಲಿ ಆಗಲೇ ತರಕಾರಿಯವನೂ ಕೋಟಿಯಲ್ಲಿ ಮಾತಾಡುತ್ತಿದ್ದ. ನಮ್ಮ ಬಳಿ ಇದ್ದದ್ದು ಮಾಗಡಿ ರಸ್ತೆಯಾಚೆ ಮಾವನವರು ಅತ್ತೆಯ ಹೆಸರಿಗೆ ಬಿಟ್ಟುಹೋದ ಒಂದು ಸೈಟು, ರಘುವಿನ ಪಿ.ಎಫ್., ನನ್ನ ಬಳೆ, ಬ್ಯಾಂಕಿನ ದಯೆ. ಎಲ್ಲ ಕೂಡಿಸಿದರೆ ಕಾಂಪೌಂಡ್ ದಾಟಿ ತುಳಸಿ ಕಟ್ಟೆಯ ತನಕ ಬರುತ್ತಿದ್ದೆವು. ಬಾಗಿಲು ಇನ್ನೂ ದೂರ ಇತ್ತು.

ಬೆಂಗಳೂರಿನಲ್ಲಿ ಮನೆಗಳ ಬೆಲೆ ಇಳಿಸುವುದು ಇದುವರೆಗೆ ಯಾರಿಂದಲೂ ಆಗಿಲ್ಲ. ನಾನು ಇಳಿಸುತ್ತೇನೆ ಎಂದು ತೀರ್ಮಾನಿಸಿದೆ. ಬಂದವರಿಗೆ ಮನೆ ತೋರಿಸುವವಳು ಹೇಗೂ ನಾನೇ. ನಾಲ್ಕು ಕುಂದು ಹೇಳಿದರೆ ಬೆಲೆ ತಾನಾಗಿ ಇಳಿಯುತ್ತದೆ.

ಆ ಡಾಕ್ಟರಿಗೆ, ಹಲ್ಲಿನವರೇ ಇರಲಿ, "ಇಲ್ಲಿ ನೀರಿಂದೇ ತಾಪತ್ರಯ ಸಾರ್" ಎಂದೆ. ಅದೇ ಹೊತ್ತಿಗೆ ಮೇಲಿನ ಟ್ಯಾಂಕ್ ತುಂಬಿ ಅವರ ಶೂ ಮೇಲೆ ಸುರಿಯಿತು. ಮುಂದಿನ ವಾರ ಬಂದ ದಂಪತಿಗೆ ಗಾಳಿ ಬೆಳಕು ಸಾಲದು ಎಂದೆ. ಅತ್ತೆ ದೇವರಕೋಣೆಯಿಂದಲೇ ಕೂಗಿದರು. "ಯಾರೇ ಹೇಳಿದ್ದು? ನಮ್ಮನೇಲಿ ಹಗಲೊತ್ತು ಲೈಟೇ ಹಾಕಲ್ಲ."

ಮೂರನೆಯವರು ಫೋನಿನಲ್ಲಿ ದಿಕ್ಸೂಚಿ ಹಿಡಿದು ಬಂದ ಹೆಂಗಸು. ಹಿತ್ತಲಿನ ಮೂಲೆಯಲ್ಲಿ ನಿಂತು, "ಇದು ನೈಋತ್ಯ. ಇಲ್ಲಿ ಹಳ್ಳ ಗಿಳ್ಳ ಏನೂ ಇರ್ಲಿಲ್ಲ ತಾನೇ?" ಎಂದರು.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಆಧಾರವಿಲ್ಲದೆ ಒಂದು ವಾಕ್ಯ ಬರೆಯಬಾರದೆಂದು ಎರಡು ವರ್ಷ ಕಲಿತವಳು.

"ಬಾವಿ ಇತ್ತು ಮೇಡಂ," ಎಂದೆ. "ಮುಚ್ಚಿ, ಮೇಲೆ ಈ ಒಗೆಯೋ ಕಲ್ಲು ಹಾಕಿದಾರೆ."

ನಾನು ಕೊಟ್ಟ ನೀರನ್ನೂ ಕುಡಿಯದೆ ಆಕೆ ಹೋದರು. ಸುದ್ದಿ ದಲ್ಲಾಳಿಗಳಿಗೂ ತಲುಪಿತೋ ಏನೋ, ಒಂದು ತಿಂಗಳು ಯಾರೂ ಬರಲಿಲ್ಲ. ಕೊನೆಗೆ ಮಹದೇವಪ್ಪನವರ ಫೋನು. "ಯಾಕೋ ಯಾರೂ ನಿಲ್ತಾ ಇಲ್ಲಮ್ಮ. ನೀವೇ ಒಂದು ರೇಟು ಹೇಳಿ."

ಗೆದ್ದೆ! ಅತ್ತೆಗೆ ಹೇಳಲು ಒಳಗೆ ಓಡಿದೆ. ಅವರು ತಮ್ಮ ಹಾಸಿಗೆಯನ್ನು ಹಿತ್ತಲ ಪಕ್ಕದ ಕೋಣೆಯಿಂದ ಹಾಲ್‌ಗೆ ಎಳೆದು ತರುತ್ತಿದ್ದರು.

"ಹದಿನಾರು ವರ್ಷ ಬಾವಿ ಮೇಲೆ ಬಟ್ಟೆ ಒಗೆಸಿದೀಯಲ್ಲೇ ನನ್ ಕೈಲಿ," ಎಂದರು. ದಿಕ್ಸೂಚಿಯ ಹೆಂಗಸಿಗೆ ನಾನು ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ತಿಂಗಳಿಂದ ಕೂತು ಲೆಕ್ಕ ಹಾಕಿದ್ದರು. ಅವರ ಮಂಡಿನೋವು, ರಘುವಿನ ತಪ್ಪಿದ ಪ್ರಮೋಷನ್, ಮೂರು ಸಲ ಕೈಕೊಟ್ಟ ಮಿಕ್ಸಿ, ಎಲ್ಲಕ್ಕೂ ಬಾವಿಯೇ ಕಾರಣ.

"ಅತ್ತೆ, ಅದು ನಾನು ಹೇಳಿದ ಸುಳ್ಳು. ಬೆಲೆ ಇಳೀಲಿ ಅಂತ."

"ಸುಳ್ಳಾದ್ರೆ ಒಗೆಯೋ ಕಲ್ಲು ಹೇಗೆ ಬಂತು ಅದರಲ್ಲಿ? ಇಷ್ಟು ವಿವರವಾಗಿ ನಿನಗೆ ಸುಳ್ಳು ಹೇಳೋಕೆ ಬರಲ್ಲ ಸುಮಾ. ಆ ಜಾಗಕ್ಕೆ ನಿಮ್ಮ ಮಾವನ ಸೈಟು ಮಾರಲ್ಲ ನಾನು."

ರಘು ಸಹಾಯಕ್ಕೆ ಬರುತ್ತಾರೆಂದು ತಿರುಗಿದೆ. ಅವರು ಯೋಚಿಸುತ್ತಾ, "ಆ ಕಲ್ಲಿನ ಹತ್ರ ನೆಲ ಸ್ವಲ್ಪ ಟೊಳ್ಳು ಅನ್ಸುತ್ತೆ ಕಣೇ," ಎಂದರು. ನಾಚಿಕೆಯ ವಿಷಯವೆಂದರೆ, ಮರುದಿನದಿಂದ ನಾನೂ ಆ ಕಲ್ಲನ್ನು ತುಳಿಯದೆ ಸುತ್ತುಹಾಕಿ ನಡೆಯತೊಡಗಿದೆ. ಮನೆಗೆ ಬಂದ ಹೊಸದರಲ್ಲಿ ಮಹದೇವಪ್ಪನವರು ಬಾವಿಯ ಬಗ್ಗೆ ಏನೋ ಅಂದಿದ್ದರಲ್ಲವೇ? ಅಂದಂತೆಯೂ ಇತ್ತು.

ಈ ಗೊಂದಲದಲ್ಲಿ ನಾವು ಇನ್ನೂ ರೇಟು ಹೇಳದೆ ಕೂತಿರುವಾಗಲೇ ಒಬ್ಬ ಬಿಲ್ಡರ್ ಬಂದರು. ಮನೆಯೊಳಗೆ ಕಾಲೇ ಇಡಲಿಲ್ಲ. ರಸ್ತೆಯಲ್ಲಿ ನಿಂತು ಆಕಾಶ ನೋಡಿದರು, ಎಷ್ಟು ಮಹಡಿ ಹಿಡಿಯುತ್ತದೆ ಎಂದು.

"ಹಿಂದೆ ಬಾವಿ ಇದೆ," ಎಂದೆ, ಅಭ್ಯಾಸಬಲದಿಂದ.

"ಇರ್ಲಿ ಬಿಡಿ ಮೇಡಂ. ಪಾರ್ಕಿಂಗ್‌ಗೆ ಹೇಗೂ ಎರಡು ಅಂತಸ್ತು ಕೆಳಗೆ ಅಗೀತೀವಿ. ಅಷ್ಟು ಅಗೆಯೋದು ಉಳೀತು."

ಮಹದೇವಪ್ಪನವರು ಎಣಿಸಿದ್ದಕ್ಕಿಂತ ಹೆಚ್ಚಿಗೇ ಮನೆ ಮಾರಾಟವಾಯಿತು. ಐದು ಲಕ್ಷ ಕಮ್ಮಿ ಮಾಡಿದರೂ ಅದು ನಮ್ಮ ತುಳಸಿ ಕಟ್ಟೆಯಿಂದ ಕಣ್ಣಿಗೂ ಕಾಣದಷ್ಟು ದೂರ. ಮಹದೇವಪ್ಪನವರು ಮೈಸೂರು ಪಾಕ್ ತಂದುಕೊಟ್ಟು, "ಬಂದವರಿಗೆಲ್ಲ ಬೇಜಾರಿಲ್ಲದೆ ತೋರಿಸಿದ್ರಿ, ನಿಮ್ಮಿಂದ ಉಪಕಾರ ಆಯ್ತಮ್ಮ," ಎಂದರು. ತಿಂದೆ. ಚೆನ್ನಾಗಿತ್ತು.

ಈಗ ಕನಕಪುರ ರಸ್ತೆಯಲ್ಲಿ ಏಳನೇ ಮಹಡಿಯಲ್ಲಿದ್ದೇವೆ, ಬಾಡಿಗೆಗೇ. ಹೋದ ಭಾನುವಾರ ಹಳೆಯ ರಸ್ತೆಗೆ ಹೋಗಿದ್ದೆ. ಮನೆಯಿದ್ದ ಕಡೆ ದೊಡ್ಡ ಗುಂಡಿ. ಅಂಚಿನಲ್ಲಿ ನಿಂತು ನೈಋತ್ಯ ಮೂಲೆಯನ್ನು ಬಹಳ ಹೊತ್ತು ನೋಡಿದೆ. ಕೆಂಪು ಮಣ್ಣು, ಅದರ ಕೆಳಗೂ ಕೆಂಪು ಮಣ್ಣು.

ಸಂಜೆ ಅತ್ತೆ ಅವರೆಕಾಳು ಹಿತುಕುತ್ತಿದ್ದರು. ನಾನೂ ಎದುರಿಗೆ ಕೂತು ಕೈ ಹಾಕಿ, ಬಾವಿ ಇರಲಿಲ್ಲ ಎಂದು ಹೇಳಿದೆ.

"ಇನ್ನೂ ನಾಲ್ಕಡಿ ಹೋಗ್ಬೇಕಿತ್ತು ಅವರು," ಎಂದರು.

ಸೈಟಿನ ಪತ್ರ ಅವರ ಬೀರುವಿನಲ್ಲೇ ಇದೆ, ಮಾವನವರ ಪಂಚೆಯ ಮಡಿಕೆಯಲ್ಲಿ. ತಿಂಗಳಿಗೊಮ್ಮೆ ಗಡಿಕಲ್ಲು ಅಲುಗಿಲ್ಲ ತಾನೇ ಎಂದು ನೋಡಲು ರಘುವನ್ನು ಅಟ್ಟುತ್ತಾರೆ. ಇದು ನನಗೆ ಎಷ್ಟೋ ವರ್ಷದಿಂದ ಗೊತ್ತಿದ್ದ ಸಂಗತಿ. ಆದರೂ ಕೇಳಬೇಕೆಂದು ಹೊಳೆದದ್ದು ಆಗಲೇ.

"ಅತ್ತೆ, ನಾನು ಬಾವಿ ಮಾತು ಎತ್ತದೇ ಇದ್ದಿದ್ರೆ, ಆ ಸೈಟು ಮಾರ್ತಿದ್ರಾ ನೀವು?"

"ಮಾತಾಡ್ತಾ ಕೈ ನಿಲ್ಲಿಸ್ಬೇಡ, ಹಿತುಕು," ಎಂದರು.

ಸಾರು ಆಯಿತು, ಮರುದಿನಕ್ಕೂ ಉಳಿಯಿತು, ಖಾಲಿಯೂ ಆಯಿತು. ಉತ್ತರ ಇನ್ನೂ ಬಂದಿಲ್ಲ.