ನೆನಪಿನ ಬೈಕು

ತಿಪ್ಪೇಶಪ್ಪನ ಮೀಸೆಯಲ್ಲಿ ಕಡ್ಲೆಹಿಟ್ಟಿನ ಒಂದು ಚೂರು ಉಳಿದುಬಿಟ್ಟಿತ್ತು. ಭಾನುವಾರ ಬೆಳಗ್ಗೆ ಬೈಕಿನಲ್ಲಿ ಹಾಲು ತರಲು ಹೋದವನು ಬಲು ತಡವಾಗಿ ಬಂದಿದ್ದ. ಹೆಂಡತಿ ಲಕ್ಷ್ಮಕ್ಕ ಹಾಲು ನೋಡಲಿಲ್ಲ, ಮೀಸೆ ನೋಡಿದಳು.

“ಮತ್ತೆ ಮಿರ್ಚಿನಾ? ಡಾಕ್ಟ್ರು ಎಣ್ಣೆ ಮುಟ್ಟಬ್ಯಾಡಿ ಅಂದಿಲ್ಲೇನ್ರಿ? ಕೊಡ್ರಿ ಬೈಕಿನ ಕೀ!”

ಬೈಕು ಹೋದರೆ ಬಸ್ ಸ್ಟ್ಯಾಂಡ್ ಪಕ್ಕದ ನಿರ್ಮಲಮ್ಮನ ಮಿರ್ಚಿ ಬಜ್ಜಿ ಗಾಡಿಯೂ ಹೋದಂತೆ. ಇಡೀ ಜಗಳೂರಿನಲ್ಲಿ ಅವನಿಗೆ ಅದಕ್ಕಿಂತ ಪ್ರಿಯವಾದ ಜಾಗವಿರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟ: “ನಾನೇನ್ ಮಾಡ್ಲಿ ಮಾರಾಯ್ತಿ? ಬೈಕು ತಾನಾಗೇ ಅಲ್ಲಿ ನಿಂತ್ಬಿಡ್ತೈತೆ!”

“ನಿಲ್ಲಲೇಬೇಕು!” ಎಂಬ ದನಿ ಕಾಂಪೌಂಡಿನಾಚೆಯಿಂದ ಬಂತು. ಪಕ್ಕದ ಮನೆಯ ಪಾಪಣ್ಣ ಮೇಷ್ಟ್ರು. ವಿಜ್ಞಾನ ಕಲಿಸಿ ರಿಟೈರಾದ ಮೇಲೆ ತಮ್ಮದೇ ಒಂದು ಸಿದ್ಧಾಂತ ಕಟ್ಟಿಕೊಂಡು, ಕೇಳುವವರಿಗಾಗಿ ಕಾಯುತ್ತಿದ್ದರು.

“ನೆನಪು ತಲೆಯೊಳಗೆ ಮಾತ್ರ ಇರಲ್ಲ ಲಕ್ಷ್ಮಕ್ಕ. ಕಲ್ಲು, ನೀರು, ಕಬ್ಬಿಣ, ಎಲ್ಲಾದ್ರಾಗೂ ಐತೆ. ಒಂದ್ಸಲ ಆಗಿದ್ದು ಮತ್ತೆ ಆಗಾಕೆ ನೋಡ್ತಿರ್ತೈತೆ. ನೀರು ಹರಿದ ಕಡೆನೇ ಯಾಕೆ ಹರೀತೈತೆ? ನೆನಪು! ಇದು ಸೆಕೆಂಡ್ ಹ್ಯಾಂಡ್ ಬೈಕಲ್ವಾ? ಮೊದಲಿನ ಓನರ್ ದಿನಾ ಅಲ್ಲೇ ನಿಲ್ಲಿಸಿರ್ಬೇಕು.”

ತಿಪ್ಪೇಶಪ್ಪನಿಗೆ ಮೇಷ್ಟ್ರ ಕಾಲು ಹಿಡಿಯಬೇಕೆನಿಸಿತು. “ನಾನೂ ಅದನ್ನೇ ಹೇಳಿದ್ದು,” ಅಂದ.

“ಆದ್ರೆ ಪ್ರಯೋಗ ಆಗಬೇಕು. ಮಿರ್ಚಿ ಮುಟ್ಟದಿರೋರು ಯಾರಾದ್ರೂ ಓಡಿಸಲಿ,” ಅಂದರು ಮೇಷ್ಟ್ರು.

ಲಕ್ಷ್ಮಕ್ಕ ಆಗಲೇ ಅಣ್ಣ ಧರ್ಮಪ್ಪನಿಗೆ ಫೋನ್ ಮಾಡಿದ್ದಳು. ಹಪ್ಪಳ ಕಂಡರೂ ಮುಖ ತಿರುಗಿಸುವ, ಗಂಜಿಯ ಮೇಲೇ ಬದುಕಿರುವ ಮನುಷ್ಯ ಸ್ವಲ್ಪ ಹೊತ್ತಿನಲ್ಲೇ ನಡೆದು ಬಂದ.

“ಬಿಸಿಲು ಜಾಸ್ತಿ ಭಾವ, ನಾಳೆ ನೋಡೋಣ,” ಅಂದ ತಿಪ್ಪೇಶಪ್ಪ.

“ಇಂಥ ಮೂಢನಂಬಿಕೆ ಇವತ್ತೇ ಮುರೀಬೇಕು,” ಎಂದು ಧರ್ಮಪ್ಪ ಬೈಕು ಹತ್ತಿದ.

“ಮೂಢನಂಬಿಕೆ ಅಲ್ರೀ, ಭೌತಶಾಸ್ತ್ರ!” ಎಂದು ಮೇಷ್ಟ್ರು ಆಟೋ ಹತ್ತಿದರು. ಗಂಡ ಹೆಂಡತಿಯೂ ಹತ್ತಿದರು. ಬಸ್ ಸ್ಟ್ಯಾಂಡ್ ಬಂತು. ನಿರ್ಮಲಮ್ಮನ ಗಾಡಿ ಬಂತು. ಬೈಕು ಗುರ್ರೆಂದು, ಕೆಮ್ಮಿ, ಸರಿಯಾಗಿ ಬಾಣಲೆಯ ಎದುರು ನಿಂತಿತು!

“ಏನ್ ಮಾಡಿದ್ರೂ ಮುಂದಕ್ಕೆ ಹೋಗ್ತಿಲ್ಲ ನೋಡ್ರಿ,” ಅಂದ ಧರ್ಮಪ್ಪ.

ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಸೇರಿದ ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಬೆರಗಾದವನು ತಿಪ್ಪೇಶಪ್ಪ. ತಾನು ಹೇಳಿದ್ದು ಶುದ್ಧ ಸುಳ್ಳು, ಅದು ನಿಜವಾದದ್ದು ಹೇಗೆ? ಭಕ್ತಿಯಿಂದ ಬೈಕಿನ ಟ್ಯಾಂಕು ಮುಟ್ಟಿ ನೋಡಿದ.

“ಸುಮ್ನೆ ಬೈದೆ ನಿಮ್ಮನ್ನ,” ಅಂದಳು ಲಕ್ಷ್ಮಕ್ಕ. ತಿಪ್ಪೇಶಪ್ಪನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಅಷ್ಟರಲ್ಲಿ ಅವಳು ಮೇಷ್ಟ್ರ ಕಡೆ ತಿರುಗಿದಳು. “ಬೈಕಿಗೆ ಈ ಚಟ ಬಿಡ್ಸಾಕೆ ಆಗಲ್ವಾ?”

“ಶಿಸ್ತಿನೋರು ಓಡಿಸಿದ್ರೆ ನಿಧಾನಕ್ಕೆ ಮರೀತೈತೆ.”

“ಹಂಗಾದ್ರೆ ಒಂದು ವರ್ಷ ನೀನೇ ಇಟ್ಕಳಣ್ಣ.”

“ನಿನ್ನ ಸಲುವಾಗಿ,” ಎಂದು ಧರ್ಮಪ್ಪ ದೊಡ್ಡ ಭಾರ ಹೊತ್ತವನಂತೆ ನಿಟ್ಟುಸಿರುಬಿಟ್ಟ. ಈ ಸಲ ಬೈಕು ಮೊದಲ ಕಿಕ್ಕಿಗೇ ಸ್ಟಾರ್ಟ್ ಆಯಿತು.

ಸಂಜೆ ತಿಪ್ಪೇಶಪ್ಪ ವಾಕಿಂಗ್ ಹೊರಟ. ಲಕ್ಷ್ಮಕ್ಕನಿಗೆ ಖುಷಿಯೋ ಖುಷಿ. ಬೆವರು ಒರೆಸಿಕೊಳ್ಳುತ್ತಾ ಅವನು ಗಾಡಿ ತಲುಪಿದಾಗ ನಿರ್ಮಲಮ್ಮ ಬಾಣಲೆ ತೊಳೆಯುತ್ತಿದ್ದಳು.

“ಖಾಲಿ ತಿಪ್ಪೇಶಣ್ಣ. ಕಡೇ ಪ್ಲೇಟ್ ಧರ್ಮಪ್ಪಣ್ಣ ತಿಂದು ಈಗಷ್ಟೇ ಹೋದ್ರು.”

“ನಮ್ ಭಾವನಾ? ಅವ್ರು ಮಿರ್ಚಿ ಮುಟ್ಟಲ್ಲಮ್ಮ!”

“ನಿಮಗಿಂತ ಹಳೇ ಗಿರಾಕಿ. ಪಾಪ, ಇಷ್ಟು ದಿನ ನಡ್ಕೊಂಡು ಬರೋಷ್ಟ್ರಲ್ಲಿ ಖಾಲಿ ಆಗಿರ್ತಿತ್ತು.” ನಿರ್ಮಲಮ್ಮ ಅವನ ಕೈಗೆ ಒಂದು ಹಿಡಿ ಮಂಡಕ್ಕಿ ಹಾಕಿ ನಕ್ಕಳು. “ಯಾರಾದ್ರೂ ಕೇಳಿದ್ರೆ ಬೈಕು ತಾನಾಗೇ ನಿಂತ್ಬಿಡ್ತು ಅನ್ನು ಅಂತ ಹೇಳಿ ಹೋದ್ರು.”